ಅಣ್ಣನಿಗೆ ಕೊಟ್ಟ ಹಳೆ ಎಣ್ಣೆ

೪ ಜೂನ್ ೨೦೦೧, ಸೋಮವಾರ
ಫ್ಯಾಕ್ಟರಿಯಿಂದ ಬರುವಷ್ಟರಲ್ಲಿ ಏಳು. ಅಣ್ಣ ಬೀರಣ್ಣ ಖಾನಾಪುರದಿಂದ ಬಂದು ಬೆಳಗಾವಿ ಖಾಸಬಾಗದ ನಮ್ಮ ಮನೆ ಕಟ್ಟೆ ಮೇಲೆ ಕೂತಿದ್ದ. ಫ್ಯಾಕ್ಟರಿಯ ಪ್ರೆಸ್ ಯಂತ್ರದಿಂದ ಇಳಿಸಿದ ಹಳೆ ಹೈಡ್ರಾಲಿಕ್ ಎಣ್ಣೆ ಒಂದು ಕ್ಯಾನ್ ಕೊಟ್ಟೆ. ಸಾಹೇಬರನ್ನು ಕೇಳಿಯೇ ತಂದದ್ದು. ಟ್ರ್ಯಾಕ್ಟರಿನಲ್ಲಿ ನೇಗಿಲು ಎತ್ತುವ ಲಿಫ್ಟಿಗೆ ಹಾಕುತ್ತಾನಂತೆ. "ಅರಿವೀಲೆ ಸೋಸಿ ಹಾಕು" ಅಂದೆ, ದೊಡ್ಡ ತಿಳಿದವಳ ಹಾಗೆ. ಅಣ್ಣನಿಗೆ ನಾನೂ ಏನೋ ಕೊಟ್ಟೆ ಅಂತ ಖುಷಿ.

೭ ಜೂನ್, ಗುರುವಾರ, ಮಧ್ಯಾಹ್ನ
ಸ್ಟೋರಿನ ನಾಗಲಿಂಗ ಮಾತಿನ ನಡುವೆ ಹೇಳಿದ: "ಆ ಎಣ್ಣ್ಯಾಗ ನೀರು ಸೇರಿತ್ರಿ ಅಕ್ಕಾರ. ಕಬ್ಬಿಣದ ಪುಡೀನೂ ಇತ್ತು. ಅದಕ್ಕ ಇಳಿಸಿದ್ವಿ."
ಸೋಸಿದರೆ?
"ಅರಿವ್ಯಾಗ ನೀರು ನಿಂದರತೈತೇನ್ರಿ? ಎತ್ತಿದ ಲಿಫ್ಟ್ ಒಮ್ಮಿಗಲೇ ಕುಸೀತೈತಿ."
ಸಂಜೆ ಅಣ್ಣನಿಗೆ ಫೋನ್ ಮಾಡಬೇಕು.

ಅದೇ ದಿನ, ಸಂಜೆ
ಎಸ್‌ಟಿಡಿ ಬೂತಿನಿಂದ ಅಣ್ಣನ ಬಾಜು ಮನೆಗೆ ಫೋನ್. ಅಣ್ಣನ ಹೆಂಡತಿ, ವೈನಿ ಸತ್ಯವ್ವ, ಫೋನಿಗೆ ಬಂದರು. "ಟ್ರ್ಯಾಕ್ಟರ್ ಭಾಳ ಚಲೋ ನಡದೈತಿ. ನಮ್ಮ ಪ್ರಮಿಳಾ ಕೊಟ್ಟ ಎಣ್ಣಿ ಅಂತ ಊರಿಗೆಲ್ಲಾ ಹೇಳ್ಕೋತ ಅಡ್ಡಾಡ್ತಾರ!"
"ಎತ್ತಿದ ನೇಗಿಲ ಕೆಳಗ ಕೈ ಹಾಕಬ್ಯಾಡಂತ ಅಣ್ಣಗ ಹೇಳ್ರಿ" ಅಂದೆ, ಅಷ್ಟೇ.
"ಯಾಕ?"
"ಸುಮ್ನ."
ಸುಮ್ಮನಂತೆ!

೮ ಜೂನ್
ಭಾನುವಾರ ನಾನೇ ಹೋಗಿ ಹೇಳುತ್ತೇನೆ. ಎದುರಿಗೆ ಹೇಳುವ ಮಾತು ಇದು. ಇನ್ನು ಎರಡೇ ದಿನ. ಎರಡು ದಿನದಲ್ಲಿ ಏನಾಗುತ್ತದೆ…

೧೩ ಜೂನ್
ಶನಿವಾರವೇ ಆಯಿತು. ಅಣ್ಣ ನೇಗಿಲು ಎತ್ತಿಟ್ಟು ಕೆಳಗೆ ಬೋಲ್ಟ್ ಬಿಗಿ ಮಾಡುತ್ತಿದ್ದನಂತೆ. ಕುಸಿಯಿತು. ಎಡಗೈಯ ಎರಡು ಬೆರಳು ಹೋದವು. ಇಲ್ಲೇ ಬೆಳಗಾವಿಯಲ್ಲಿ ಆಸ್ಪತ್ರೆ. ಬಂದವರಿಗೆಲ್ಲ ಅಣ್ಣ ಹೇಳುವುದು ಒಂದೇ: "ಲಿಫ್ಟಿನ ಸೀಲ್ ಹಳೇದಾಗಿತ್ತು." ನಾನು ತಲೆ ಆಡಿಸುತ್ತೇನೆ.
ವೈನಿ ಇವತ್ತು ಕಾರಿಡಾರಿನಲ್ಲಿ ನನ್ನ ಕೈ ಹಿಡಿದು ಅತ್ತರು. "ನೀ ಫೋನಿನ್ಯಾಗ ಹೇಳಿದ್ದಿ. ನಾನ ಅವರಿಗೆ ಹೇಳೂದು ಮರತೆ. ನನ್ನಿಂದ ಆತವ್ವ ಇದು."
ಆಗಲೂ ಬಾಯಿ ಬಿಡಲಿಲ್ಲ. ನಾನು ಎಂಥವಳು?

೧೫ ಜೂನ್
ವೈನಿ ಚಹಾ ತರಲು ಹೋದಾಗ ಅಣ್ಣನಿಗೆ ಹೇಳಿಬಿಟ್ಟೆ. ಎಣ್ಣೆಯಲ್ಲಿ ನೀರಿತ್ತು, ಗುರುವಾರವೇ ನನಗೆ ಗೊತ್ತಾಗಿತ್ತು, ಅಂತ.
ಅಣ್ಣ ಪಟ್ಟಿ ಕಟ್ಟಿದ ಕೈಯನ್ನು ದಿಂಬಿನ ಮೇಲೆ ಸರಿಸಿಟ್ಟ.
"ಹಾಕೂ ಮುಂದ ನನಗೂ ಕಂಡಿತ್ತು. ಮಜ್ಜಿಗಿ ಹಂಗ ಬೆಳ್ಳಗಿತ್ತು. ತಂಗಿ ಕೊಟ್ಟಾಳ, ಹೆಂಗ ಚೆಲ್ಲೂದು ಅಂತ ಹಾಕಿದೆ." ಆಮೇಲೆ ಮೆಲ್ಲಗೆ, "ನಿಮ್ಮ ವೈನಿಗೆ ಹೇಳಬ್ಯಾಡ."
ಹೇಗೆ ಹೇಳದಿರಲಿ? ಅವರು ತಮ್ಮಿಂದಲೇ ಆಯಿತು ಅಂದುಕೊಂಡಿದ್ದಾರೆ.
ವೈನಿ ಬಂದರು. ಎಲ್ಲ ಹೇಳಿದೆ. ಬೈಯಲಿಲ್ಲ. ನನ್ನ ಚಹಾ ಕಪ್ಪನ್ನು ಕೈಗೆ ಕೊಡದೆ ಕಿಟಕಿಯಲ್ಲಿಟ್ಟು ಅಣ್ಣನ ಕಡೆ ತಿರುಗಿ ಕೂತರು.
ನಾಳೆ ಡಿಸ್ಚಾರ್ಜ್. ಬಸ್ಸಿಗೆ ಬಿಡಲು ಹೋಗಲೋ, ಬೇಡವೋ. ಹೋದರೆ ವೈನಿ ಮಾತಾಡಿಸುತ್ತಾರೋ, ಇಲ್ಲವೋ.