ಅಕ್ಕ ಕೇಳಿದ ದ್ವೀಪ

ಹಿಂದೂಪುರ
ಗುರುವಾರ, ೧೪ ನವೆಂಬರ್ ೨೦೨೪

ಅಕ್ಕಾ,

ನಿನ್ನ ಕೈ ಹೇಗಿದೆ? ಪಾತ್ರೆ ಸೋಪಿನಿಂದ ಬೆರಳ ಸಂದಿಯಲ್ಲಿ ಬಿರುಕು ಬಿಟ್ಟಿದೆ ಎಂದಿದ್ದೆ. ಅಮ್ಮ ಬೇವಿನೆಲೆ ಹಾಕಿ ಕೊಬ್ಬರಿ ಎಣ್ಣೆ ಕಾಯಿಸಿ ಕೊಟ್ಟಿದ್ದಾಳೆ, ಹಚ್ಚಿಕೊಂಡು ಮೇಲೆ ಬಟ್ಟೆ ಸುತ್ತಿಕೊಳ್ಳಬೇಕಂತೆ. ಇಲ್ಲಿ ನಾನು ಚೆನ್ನಾಗಿದ್ದೇನೆ. ವಾರಕ್ಕೆ ಮೂರು ಸಲ ಗೂಡ್ಸ್ ಗಾಡಿಯಲ್ಲಿ ಹುಣಸೆಹಣ್ಣು, ಬೆಲ್ಲ ಹಾಕಿಕೊಂಡು ಕಲ್ಯಾಣದುರ್ಗಕ್ಕೆ ಹೋಗಿಬರುತ್ತೇನೆ, ಆಗ ಅಲ್ಲಿ ಅಮ್ಮನ ಮನೆಯಲ್ಲೇ ಊಟ. ಅಮ್ಮನ ಮಂಡಿ ಮೆಟ್ಟಿಲು ಹತ್ತುವಾಗ ಕಟಕಟ ಅನ್ನುತ್ತದೆ, ಬಾಯಿಗೇನೂ ಆಗಿಲ್ಲ. ನಿನ್ನ ಮಗಳು ರಮ್ಯಾ ಆರನೇ ಕ್ಲಾಸಿನಲ್ಲಿ ಓದುತ್ತಿದ್ದಾಳೆ, ಅಮ್ಮನ ಭುಜದ ತನಕ ಬೆಳೆದಿದ್ದಾಳೆ. ಸ್ಕೂಲಿನಲ್ಲಿ ತೆಲುಗು, ಮನೆಯಲ್ಲಿ ಕನ್ನಡ, ಸಿಟ್ಟು ಬಂದರೆ ಎರಡೂ.

ಫೋನ್ ಇರುವಾಗ ಕಾಗದ ಯಾಕೆ ಬರೆದ ಅಂದುಕೊಳ್ಳುತ್ತೀಯ. ವಾಯ್ಸ್ ಮೆಸೇಜ್ ಕಳಿಸಿದರೆ ನೀನು ಅಡಿಗೆಮನೆಯಲ್ಲಿ ಜೋರಾಗಿ ಹಾಕಿಕೊಂಡು ಕೇಳುತ್ತೀಯ, ನೀನು ಕೆಲಸ ಮಾಡುವ ಮನೆಯ ಕಡಪದ ಡ್ರೈವರ್ ಎಲ್ಲ ಕೇಳಿಸಿಕೊಂಡು ಮಾರನೇ ದಿನ ನಿನಗೇ ಬುದ್ಧಿ ಹೇಳುತ್ತಾನೆ. ಅವನಿಗೆ ಕನ್ನಡ ಓದಲು ಬರುವುದಿಲ್ಲ, ಅದಕ್ಕೆ ಈ ಕಾಗದ. ಪರಿಗಿಯ ಲಕ್ಷ್ಮೀದೇವಿ ರಜೆ ಮುಗಿಸಿ ಭಾನುವಾರ ಕುವೈತಿಗೆ ವಾಪಸ್ ಹೊರಟಿದ್ದಾಳೆ. ಎಣ್ಣೆ, ಕಡಲೆಕಾಯಿ ಚಟ್ನಿಪುಡಿ, ಕಾಗದ, ಮೂರನ್ನೂ ಅವಳ ಕೈಯಲ್ಲಿ ಕೊಡುತ್ತಿದ್ದೇನೆ.

ಈಗ ನೀನು ಕೇಳಿದ ವಿಷಯ. ಒಂಬತ್ತು ವರ್ಷ ತನ್ನ ಮಕ್ಕಳನ್ನು ನೋಡಿಕೊಂಡಿದ್ದಕ್ಕೆ ನಿನ್ನ ಮೇಡಂ ಈ ಸಲ ರಜೆಯಲ್ಲಿ ಐದು ದಿನ ಮಾಲ್ಡೀವ್ಸ್ ದ್ವೀಪದ ರೆಸಾರ್ಟಿನಲ್ಲಿ ಎರಡು ರೂಮು ಹಾಕಿಸಿಕೊಡುತ್ತೇನೆ ಅಂದಿದ್ದಾಳೆ. ನೀನು, ಅಮ್ಮ, ರಮ್ಯಾ, ನಾನು, ನಾಲ್ಕೂ ಜನ. ಈ ತಿಂಗಳ ಕೊನೆಯೊಳಗೆ ಅವಳಿಗೆ ಹೌದು ಅಥವಾ ಇಲ್ಲ ಎಂದು ಹೇಳಬೇಕು. ಅದು ನಮಗೆ ಒಗ್ಗುತ್ತದಾ, ನೀನು ಅಲ್ಲಿ ಕೆಲಸ ಮಾಡಿದವನು, ನೋಡಿ ಹೇಳು ಅಂದೆ. ಮೂರು ವರ್ಷಕ್ಕೆ ಒಂದು ರಜೆ ನಿನಗೆ. ಆ ರಜೆಯಲ್ಲಿ ರಮ್ಯಾ ಒಂದು ಸಲವಾದರೂ ತಾನಾಗಿ ನಿನ್ನ ಹತ್ತಿರ ಬಂದು ಕೂರಬೇಕು ಅನ್ನುವುದು ನಿನ್ನ ಆಸೆ. ಅದನ್ನು ನೀನು ಹೇಳಲಿಲ್ಲ, ನನಗೆ ಗೊತ್ತು. ಹಾಗಾಗಿ ಕಂಡಿದ್ದನ್ನು ಕಂಡ ಹಾಗೆ ಬರೆಯುತ್ತೇನೆ.

ಜಾಗ ಚೆನ್ನಾಗಿದೆ, ಅದರಲ್ಲಿ ಸುಳ್ಳಿಲ್ಲ. ನೀರಿನ ಮೇಲೆ ಕಂಬ ನಿಲ್ಲಿಸಿ ರೂಮು ಕಟ್ಟಿದ್ದಾರೆ. ರೂಮಿನ ನೆಲದಲ್ಲಿ ಒಂದು ಕಡೆ ಗಾಜು, ಕೆಳಗೆ ಮೀನು ಓಡಾಡುವುದು ಕಾಣುತ್ತದೆ. ಸ್ನಾನದ ಮನೆಗೆ ಸೂರಿಲ್ಲ. ನಮ್ಮ ಕುಂದುರ್ಪಿ ಮನೆಯ ಬಚ್ಚಲಿಗೂ ಸೂರಿರಲಿಲ್ಲ, ಆಗ ಯಾರೂ ಫೋಟೋ ತೆಗೆಯಲಿಲ್ಲ. ಮಂಚ ಎಷ್ಟು ಅಗಲ ಅಂದರೆ ಒಬ್ಬರು ಆ ಕಡೆ ಕೆಮ್ಮಿದರೆ ಈ ಕಡೆಯವರಿಗೆ ಗೊತ್ತಾಗುವುದಿಲ್ಲ. ಟವೆಲನ್ನು ಹಂಸದ ಹಾಗೆ ಮಡಿಚಿ ಇಟ್ಟಿರುತ್ತಾರೆ, ಒರೆಸಿಕೊಳ್ಳಬೇಕೆಂದರೆ ಮೊದಲು ಹಂಸವನ್ನು ಬಿಚ್ಚಬೇಕು. ತೆಂಗಿನಮರ ತುಂಬ ಇವೆ, ಒಂದರಲ್ಲೂ ಕಾಯಿಲ್ಲ. ಗೆಸ್ಟುಗಳ ತಲೆ ಮೇಲೆ ಬಿದ್ದೀತೆಂದು ಎಳೆಯದರಲ್ಲೇ ಕೊಯ್ದುಬಿಡುತ್ತಾರೆ. ಕುಡಿಯುವ ನೀರು ಸಮುದ್ರದ್ದೇ, ಮಷೀನಿನಲ್ಲಿ ಹಾಕಿ ಉಪ್ಪು ತೆಗೆಯುತ್ತಾರೆ.

ನನ್ನ ಕೆಲಸ ಏನಿತ್ತೆಂದು ನಿನಗೆ ಸರಿಯಾಗಿ ಯಾವತ್ತೂ ಹೇಳಲಿಲ್ಲ, ಗಾರ್ಡನ್ ಡಿಪಾರ್ಟ್‌ಮೆಂಟ್ ಅಂದಿದ್ದೆ ಅಷ್ಟೆ. ಬೆಳಿಗ್ಗೆ ಗೆಸ್ಟುಗಳು ಏಳುವ ಮೊದಲು ದಡದ ಮರಳಿನ ಮೇಲೆ ಹಲ್ಲಿರುವ ದೊಡ್ಡ ಕೋಲು ಎಳೆದುಕೊಂಡು ಹೋಗಿ ಹಿಂದಿನ ದಿನದ ಹೆಜ್ಜೆಗಳನ್ನೆಲ್ಲ ಅಳಿಸಬೇಕು. ಬಂದವರಿಗೆ ಈ ಮರಳಿನ ಮೇಲೆ ಮೊದಲು ಕಾಲಿಟ್ಟವರು ತಾವೇ ಅನ್ನಿಸಬೇಕಂತೆ. ಮೊದಲನೇ ದಿನ ನಾನು ಮುಖ ಮುಂದೆ ಮಾಡಿಕೊಂಡು ತಳ್ಳಿಕೊಂಡೇ ಹೋದೆ. ಕೊನೆಗೆ ತಿರುಗಿ ನೋಡಿದರೆ ಎಲ್ಲರ ಹೆಜ್ಜೆ ಹೋಗಿತ್ತು, ಉದ್ದಕ್ಕೂ ನನ್ನ ಹೆಜ್ಜೆ ಉಳಿದಿತ್ತು. ಸೂಪರ್‌ವೈಸರ್ ಬಂದು ಹಿಂದಿಯಲ್ಲಿ ಬೈದು, ಹಿಂದಕ್ಕೆ ಹಿಂದಕ್ಕೆ ನಡೆಯುತ್ತ ಎಳೆಯಬೇಕೆಂದು ತೋರಿಸಿದ. ಹೆಜ್ಜೆ ನೋಡಿಕೊಂಡು ತಪ್ಪಿಸಿಕೊಂಡ ಕುರಿ ಹುಡುಕುವ ಮನೆಯವರು ನಾವು. ಏಳು ತಿಂಗಳು ಹಿಂದಕ್ಕೆ ನಡೆದು ಹೆಜ್ಜೆ ಅಳಿಸಿದೆ. ಅಪ್ಪ ಬದುಕಿದ್ದರೆ ಏನನ್ನುತ್ತಿದ್ದನೋ ಗೊತ್ತಿಲ್ಲ.

ನನಗೆ ಯಾಕೆ ಒಗ್ಗಲಿಲ್ಲ ಅಂದರೆ, ಆ ದ್ವೀಪವನ್ನು ಸುತ್ತಿ ಬರಲು ಹದಿನೆಂಟು ನಿಮಿಷ ಸಾಕು. ಡ್ಯೂಟಿ ಮುಗಿದ ಮೇಲೆ ನಾನು ಸುತ್ತುತ್ತಿದ್ದೆ. ಎಷ್ಟು ಸುತ್ತಿದರೂ ಹೊರಟ ಜಾಗಕ್ಕೇ ಬರುತ್ತದೆ. ಜೊತೆಯಲ್ಲಿದ್ದ ಬಿಹಾರದ ಹುಡುಗ ನನಗೆ ಫ್ಯಾನ್ ಎಂದು ಹೆಸರಿಟ್ಟಿದ್ದ. ನನ್ನ ಕಾಲು ಒಂದು ಕಡೆ ನಿಲ್ಲುವುದಿಲ್ಲ ಎಂದು ಹತ್ತನೇ ಕ್ಲಾಸಿನ ಮೇಷ್ಟ್ರು ಆಗಲೇ ಹೇಳಿದ್ದರು. ಹಾಗಾಗಿ ನನ್ನನ್ನು ಲೆಕ್ಕಕ್ಕೆ ಇಟ್ಟುಕೊಳ್ಳಬೇಡ.

ಬಂದವರಿಗಾದರೂ ಒಗ್ಗುತ್ತದಾ ಅಂದರೆ, ಅದು ಅವರು ಏನು ಬೇಕೆಂದು ಬಂದಿದ್ದಾರೆ ಅನ್ನುವುದರ ಮೇಲೆ. ಜನ ನೋಡಿ ನೋಡಿ ಸಾಕಾದವರು, ಫೋನ್ ಎತ್ತಿ ಎತ್ತಿ ಸಾಕಾದವರು ನಾಲ್ಕು ದಿನ ಮಲಗಿ ಕೆಂಪಗಾಗಿ ಹೋಗುತ್ತಿದ್ದರು, ಖುಷಿಯಾಗಿಯೇ. ಅಂಗಡಿ, ಗುಡಿ, ಸಿನಿಮಾ ಬೇಕಾದವರು ಎರಡನೇ ದಿನವೇ ದೋಣಿ ಎಷ್ಟು ಗಂಟೆಗೆಂದು ಕೇಳುತ್ತಿದ್ದರು. ಹೊಸದಾಗಿ ಮದುವೆಯಾದವರ ಕಷ್ಟ ಬೇರೆ. ಮೂರನೇ ದಿನ ಜಗಳವಾಗುತ್ತದೆ, ಮುನಿಸಿಕೊಂಡು ತವರಿಗೆ ಹೋಗೋಣವೆಂದರೆ ಸುತ್ತಲೂ ನೀರು. ಒಬ್ಬಳು ಸೂಟ್‌ಕೇಸ್ ಎಳೆದುಕೊಂಡು ದೋಣಿ ಕಟ್ಟೆಯ ತನಕ ಬಂದು, ಅರ್ಧ ದಿನ ಅದರ ಮೇಲೆ ಕೂತಿದ್ದು, ಮತ್ತೆ ಎಳೆದುಕೊಂಡು ಹೋದಳು. ಸಾಯಂಕಾಲ ಇಬ್ಬರೂ ಒಂದೇ ತಟ್ಟೆಯಲ್ಲಿ ತಿನ್ನುತ್ತಿದ್ದರು. ಬೇರೆ ಎಲ್ಲಿಗೆ ಹೋಗುವುದು?

ಅಮ್ಮನಿಗೆ ಖಂಡಿತ ಒಗ್ಗುವುದಿಲ್ಲ. ಬೆಳಿಗ್ಗೆ ನಲವತ್ತು ತರದ ತಿಂಡಿ ಇಟ್ಟಿರುತ್ತಾರೆ, ಮುದ್ದೆ ಇಲ್ಲ. ಎಲೆ ಅಡಿಕೆ ಹಾಕಿಕೊಂಡರೆ ಉಗುಳಲು ಜಾಗವಿಲ್ಲ. ಸಮುದ್ರ ಇದೆಯಲ್ಲ ಅನ್ನುತ್ತೀಯ, ಅದರಲ್ಲಿ ಉಗುಳಿದರೆ ಗಾಜಿನ ಕೆಳಗೇ ಬಂದು ನಿಲ್ಲುತ್ತದೆ. ಇನ್ನೊಂದು ಮಾತು. ಅಪ್ಪನ ಜೊತೆ ಮಂದೆ ಹೊಡೆದುಕೊಂಡು ವರ್ಷಕ್ಕೆ ಆರು ತಿಂಗಳು ಸೆಟ್ಟೂರಿನ ಕಡೆ ಕಂಡವರ ಹೊಲದಲ್ಲಿ ಮಲಗಿದವಳು ಅವಳು. ಬೇರೆ ಊರಿನಲ್ಲಿ ಮಲಗುವುದು ಅವಳಿಗೆ ಕೆಲಸ, ರಜೆಯಲ್ಲ. ನಿನ್ನ ವಿಷಯ ಹೇಳಿದಾಗ ಅಕ್ಕಿ ಆರಿಸುತ್ತಿದ್ದಳು, ತಲೆ ಎತ್ತಲಿಲ್ಲ. "ಅಲ್ಲಿ ಹೊಲ ಐತಾ? ಕುರಿ ಐತಾ? ಒಬ್ಬ ನೆಂಟ ಅವ್ನಾ? ಮತ್ತೆ ಹೋಗಿ ಏನ್ಲಾ ಮಾಡಾದು, ನೀರಿನ್ ಮಖ ನೋಡ್ತಾ ಕುಂತ್ಕಳಾದಾ?" ಅಂದಳು. ಸಮುದ್ರ ನೋಡಬಹುದಲ್ಲಮ್ಮ ಅಂದೆ. "ಕಲ್ಯಾಣದುರ್ಗದ ಕೆರೆ ತುಂಬಿದಾಗ ನೋಡಿವ್ನಿ ಬಿಡು" ಅಂದಳು.

ಆದರೆ ಅವಳ ಹೆದರಿಕೆ ಮುದ್ದೆಯದ್ದಲ್ಲ. ಅದನ್ನೂ ಬರೆದುಬಿಡುತ್ತೇನೆ. ಬಾವ ಬಿಟ್ಟುಹೋಗಿ ನೀನು ಕುವೈತಿಗೆ ಹತ್ತಿದಾಗ ರಮ್ಯಾಳಿಗೆ ಎರಡೂವರೆ ವರ್ಷ. ಅವಳಿಗೆ ಸ್ನಾನ ಮಾಡಿಸಿದ್ದು, ಜ್ವರದಲ್ಲಿ ಹೊತ್ತುಕೊಂಡು ಆಸ್ಪತ್ರೆಗೆ ಓಡಿದ್ದು, ಸ್ಕೂಲಿಗಾಗಿ ಊರು ಬಿಟ್ಟು ಕಲ್ಯಾಣದುರ್ಗದಲ್ಲಿ ಬಾಡಿಗೆ ಮನೆ ಹಿಡಿದಿದ್ದು, ಎಲ್ಲ ಅಮ್ಮ. ಮಗು ಅವಳನ್ನೇ ಅಮ್ಮ ಎಂದು ಕರೆಯಿತು. ಫೋನಿನಲ್ಲಿ ನಾನು ನಿನ್ನನ್ನು ಅಕ್ಕ ಅಂದೆ, ಮಗುವೂ ಅಕ್ಕ ಅಂದಿತು. ಚಿಕ್ಕದು, ಅಳದಿದ್ದರೆ ಸಾಕೆಂದು ನಾವ್ಯಾರೂ ತಿದ್ದಲಿಲ್ಲ. ತಪ್ಪು ನಮ್ಮದೇ. ಈಗ ಅಮ್ಮನಿಗೆ ಏನು ಭಯ ಅಂದರೆ, ರಮ್ಯಾ ನಿನಗೆ ಅಂಟಿಕೊಂಡರೆ ತನಗೆ ಯಾರು ಅಂತ. ಮೊನ್ನೆ ಗಾಡಿ ಹತ್ತುವಾಗ ಹಿಂದೆಯೇ ಬಂದು, "ಚೆನ್ನಾಗಿಲ್ಲ ಅಂತ ಬರಿ ಕಣ್ಲಾ, ಸೊಳ್ಳೆ ಅವೆ ಅಂತ ಬರಿ" ಅಂದಳು. ಸೊಳ್ಳೆಗೆ ಸಾಯಂಕಾಲ ಹೊಗೆ ಹಾಕುತ್ತಾರಮ್ಮ ಅಂದೆ. "ಹೊಗೇನೂ ಐತೆ ಅಂತ ಬರಿ" ಅಂದಳು. ಬರೆದಿದ್ದೇನೆ. ಎರಡೂ ಇವೆ.

ಹಾಗೆಂದು ಮನೆಗೇ ಬಾ ಎಂದು ಹೇಳಲೂ ನನಗೆ ಬಾಯಿ ಬರುವುದಿಲ್ಲ. ಹೋದ ರಜೆ ನೆನಪು ಮಾಡಿಕೋ. ಮೂವತ್ತು ದಿನ ಇದ್ದೆ. ಕುವೈತಿನಿಂದ ಬಂದವಳನ್ನು ನೋಡಿಕೊಂಡು ಹೋಗಬೇಕೆಂದು ಕುಂದುರ್ಪಿಯಿಂದ ಬಸ್ಸು ತುಂಬ ನೆಂಟರು ಬಂದರು. ಒಬ್ಬೊಬ್ಬರಿಗೂ ಸೋಪು, ನೋವಿನ ಮುಲಾಮು, ಸೆಂಟು ಬಾಟಲಿ. ಬೈರಣ್ಣ ಮಾವ ಹುಟ್ಟಿದಾಗಿನಿಂದ ಕಂಬಳಿ ನೇಯ್ದವನು, ಅವನೂ ಬಾಗಿಲಲ್ಲೇ ನಿಂತು, "ನಂಗೊಂದು ಕುವೈತ್ ಕಂಬ್ಳಿ ತಂದ್ಯೇನವ್ವಾ? ನಮ್ ಕಂಬ್ಳಿ ಚುಚ್ತದೆ" ಅಂದ. ನೀನು ಬಂದವರಿಗೆಲ್ಲ ಅನ್ನ ಸಾರು ಮಾಡಿ ಹಾಕುತ್ತ ಒಲೆ ಮುಂದೆಯೇ ರಜೆ ಕಳೆದೆ. ರಮ್ಯಾ ಬೀದಿಯ ಮಕ್ಕಳ ಜೊತೆ ಆಡಿಕೊಂಡು, ಅಮ್ಮನ ಸೆರಗು ಹಿಡಿದು ಮಲಗಿಕೊಂಡು ಇದ್ದಳು. ಒಂದು ದಿನ ನೀನು ಊಟಕ್ಕೆ ಕರೆದಾಗ ಅವಳು ಒಳಗೆ ಓಡಿ, "ಅಮ್ಮಾ, ಕುವೈತ್ ಅಕ್ಕ ಉಣ್ಣಾಕ್ ಕರೀತಾ ಐತೆ, ಹೋಗ್ಲಾ?" ಎಂದು ಅಮ್ಮನ ಅಪ್ಪಣೆ ಕೇಳಿದಳು. ನೀನು ಸೌಟು ಹಿಡಿದುಕೊಂಡು ನಿಂತಿದ್ದೆ. ನಾನು ಬಾಗಿಲಲ್ಲಿದ್ದೆ, ನೋಡಲಿಲ್ಲ ಅನ್ನುವ ಹಾಗೆ ಚಪ್ಪಲಿ ಹುಡುಕಿದೆ.

ದ್ವೀಪದಲ್ಲಿ ಆ ಬಸ್ಸು ಬರುವುದಿಲ್ಲ. ನೆಂಟರಿಲ್ಲ, ಬೀದಿ ಇಲ್ಲ, ಒಲೆ ಇಲ್ಲ. ಅಡಿಗೆ ಅವರದು, ಬಟ್ಟೆ ಒಗೆಯುವುದು ಅವರದು, ನಿನ್ನ ಹಾಸಿಗೆಯನ್ನು ಬೇರೆ ಯಾರೋ ಹಾಸುತ್ತಾರೆ. ನೀನು ಸುಮ್ಮನೆ ಕೂತರೆ ಯಾರೂ ಬೆಲ್ ಒತ್ತುವುದಿಲ್ಲ. ಅದು ನಿನಗೆ ಒಗ್ಗುತ್ತದಾ? ಒಂಬತ್ತು ವರ್ಷದಿಂದ ನೀನು ಸುಮ್ಮನೆ ಕೂತಿದ್ದನ್ನು ನಾನು ನೋಡಿಲ್ಲ, ಹೇಳುವುದು ಕಷ್ಟ. ರಮ್ಯಾಳನ್ನು ಕೇಳಿದರೆ, "ವೈಫೈ ಐತಾ ಮಾವ?" ಅಂದಳು. ಇದೆ ಅಂದೆ. "ಸರಿ" ಅಂದಳು. ಅಷ್ಟೇ ಅವಳು ಹೇಳಿದ್ದು.

ಎಲ್ಲ ನೋಡಿದರೆ ನಾಲ್ಕು ಜನ ಹೋಗುವ ಜಾಗ ಅದಲ್ಲ ಅನ್ನಿಸುತ್ತದೆ. ಅಮ್ಮ ಮುದ್ದೆ ಮುದ್ದೆ ಅನ್ನುತ್ತಾಳೆ, ನಾನು ಸುತ್ತುತ್ತಿರುತ್ತೇನೆ, ನೀನು ನಮ್ಮಿಬ್ಬರನ್ನು ಸಮಾಧಾನ ಮಾಡುತ್ತ ಅಲ್ಲೂ ಕೆಲಸ ಹುಡುಕಿಕೊಳ್ಳುತ್ತೀಯ. ಆದರೂ ನಾನು ಬೇಡ ಎಂದು ಹೇಳುತ್ತಿಲ್ಲ. ರಜೆ ನಿನ್ನದು, ತೀರ್ಮಾನವೂ ನಿನ್ನದು. ನಾಳೆ ಕಲ್ಯಾಣದುರ್ಗಕ್ಕೆ ಹೋದಾಗ ಇದನ್ನು ಅಮ್ಮನಿಗೂ ಓದಿ ಹೇಳುತ್ತೇನೆ. ಅವಳ ಬೆನ್ನ ಹಿಂದೆ ಬರೆದಂತಾಗುವುದು ಬೇಡ.

ಕೈ ಜೋಪಾನ. ಊಟ ತಪ್ಪಿಸಬೇಡ. ಮೇಡಂನ ಮಕ್ಕಳಿಗೆ ಕೇಳಿದೆ ಎಂದು ಹೇಳು. ಅಮ್ಮನ ಆಶೀರ್ವಾದ ಎಂದಿನಂತೆ ಇದ್ದೇ ಇದೆ, ನಮ್ಮ ಬೀರಪ್ಪನ ಭಂಡಾರದ ಅರಿಶಿನವನ್ನು ಚಟ್ನಿಪುಡಿಯ ಕವರಿನ ಪಕ್ಕ ಪೊಟ್ಟಣ ಕಟ್ಟಿ ಇಟ್ಟಿದ್ದಾಳೆ. ಸಾರಿಗೆ ಹಾಕಿಬಿಡಬೇಡ.

ನಿನ್ನ ತಮ್ಮ,
ರಾಮಾಂಜಿನೇಯ

ಶನಿವಾರ ಬೆಳಿಗ್ಗೆ, ಕಲ್ಯಾಣದುರ್ಗ. ಗಾಡಿಗೆ ಲೋಡ್ ಹಾಕುತ್ತಿದ್ದಾರೆ, ಬೇಗ ಬೇಗ ಬರೆಯುತ್ತಿದ್ದೇನೆ, ಅಕ್ಷರ ನೋಡಬೇಡ. ನಿನ್ನೆ ಅಮ್ಮನಿಗೆ ಪೂರ್ತಿ ಓದಿದೆ, ಅವಳ ಹೆದರಿಕೆಯದ್ದನ್ನೂ ಬಿಡಲಿಲ್ಲ. ಉಗುಳುವ ಜಾಗದಲ್ಲಿ ನಕ್ಕಳು. ನೆಂಟರ ಬಸ್ಸು ಬರುವುದಿಲ್ಲ ಅನ್ನುವ ಕಡೆ ನಿಲ್ಲಿಸು ಅಂದಳು. "ಸುತ್ತ ನೀರೇನ್ಲಾ? ಬ್ಯಾರೆ ಯಾರೂ ಬರಾಕಿಲ್ವಾ?" ಎಂದು ಎರಡು ಸಲ ಕೇಳಿದಳು. ಆಮೇಲೆ ಎದ್ದು ಹೋಗಿ ರಮ್ಯಾಳ ತಲೆ ಬಾಚಿ ಬಂದಳು. ಈದ ಕುರಿ ಮರಿಯನ್ನು ಹತ್ತಿರ ಸೇರಿಸದಿದ್ದರೆ ಅಪ್ಪ ಏನು ಮಾಡುತ್ತಿದ್ದ, ನಿನಗೂ ಗೊತ್ತಲ್ಲ. ಮಂದೆಯಿಂದ ದೂರ ನಾಲ್ಕು ತಡಿಕೆ ಕಟ್ಟಿ, ತಾಯಿ ಮರಿ ಎರಡನ್ನೇ ಒಳಗೆ ಬಿಟ್ಟು, ಮೂರು ನಾಲ್ಕು ದಿನ ಇನ್ನೊಂದು ಕುರಿ ಹತ್ತಿರ ಸುಳಿಯದ ಹಾಗೆ ನೋಡಿಕೊಳ್ಳುತ್ತಿದ್ದ. ಅಮ್ಮ ಅದನ್ನೇ ಹೇಳಿದಳು. "ಕುರೀಗ್ ಮಾಡಿದ್ದು ಮಗೀಗ್ ಮಾಡ್ಲಿಲ್ಲ ಕಣ್ಲಾ. ತಡಿಕೆ ಒಳ್ಗೆ ನಾನೇ ನಿಂತ್ಕಂಬುಟ್ಟಿದ್ದೆ. ನಾನ್ ಬರಾಕಿಲ್ಲ, ನೀನೂ ಹೋಗ್ಬ್ಯಾಡ" ಅಂದಳು. ಅಳಲಿಲ್ಲ. ಆದರೆ ಉಂಡ ತಟ್ಟೆಯನ್ನು ಎರಡು ಸಲ ತೊಳೆದಳು.

ರಮ್ಯಾಳ ಪಾಸ್‌ಪೋರ್ಟ್ ನೀನು ಹೋದ ರಜೆಯಲ್ಲಿ ಮಾಡಿಸಿದ್ದು ಬೀರುವಿನಲ್ಲಿದೆ. ನೀನು ಬೆಂಗಳೂರಿಗೆ ಬಂದು ಇಳಿ, ಏರ್‌ಪೋರ್ಟಿಗೇ ಅವಳನ್ನು ಕರೆದುಕೊಂಡು ಬರುತ್ತೇನೆ. ಅಲ್ಲಿಂದ ನೀವಿಬ್ಬರೇ. ಈಗ ಅಮ್ಮ ಪಕ್ಕದಲ್ಲಿ ನಿಂತು ಬರೆಸುತ್ತಿರುವುದು: ರಮ್ಯಾ ಹಸಿವಾದರೆ ಬಾಯಿ ಬಿಟ್ಟು ಹೇಳುವುದಿಲ್ಲ, ಉಗುರು ಕಚ್ಚಿದರೆ ಅನ್ನ ಕಲಸು. ತಲೆಗೆ ನೀರು ಹಾಕುವಾಗ ಕಣ್ಣಿಗೆ ಅವಳದೇ ಕೈ ಅಡ್ಡ ಇಡಿಸು. ಅಮ್ಮ ಅನ್ನು ಎಂದು ಕೇಳಬೇಡ, ಅವಳಾಗಿ ಏನಂದರೂ ಓ ಅನ್ನು. ಮೇಡಂಗೆ ಎರಡು ರೂಮು ಬೇಡ, ಒಂದು ಸಾಕು, ಒಂದೇ ಮಂಚದ್ದು ಕೊಡಿಸಿ ಎಂದು ಹೇಳು. ರಮ್ಯಾ ನಿದ್ದೆಯಲ್ಲಿ ಒದೆಯುತ್ತಾಳೆ, ಗೋಡೆ ಕಡೆ ಮಲಗಿಸಿಕೋ.