ಬುಧವಾರದ ದುಡ್ಡು

ಕೈವಾರ
೨೦-೧೨-೨೦೨೫, ಶನಿವಾರ

ಸೊಸೆ ಚೈತ್ರಮ್ಮನಿಗೆ ಅತ್ತೆ ಅಶ್ವತ್ಥಮ್ಮ ಮಾಡುವ ಆಶೀರ್ವಾದಗಳು. ಮಗಳಿಗೆ ಅಂತ ಬರೆಯಲು ಪೆನ್ನು ಹಿಡಿದೆ, ಆ ಯೋಗ್ಯತೆ ನನಗಿಲ್ಲ ಅನ್ನಿಸಿ ಸೊಸೆ ಅಂತಲೇ ಬರೆದಿದ್ದೇನೆ.

ಊಟ ಸೇರುತ್ತಿದೆಯಾ? ಹೋದ ರಕ್ತ ಬೇಗ ತುಂಬುವುದಿಲ್ಲ. ನುಗ್ಗೆಸೊಪ್ಪು ತಿನ್ನು, ತಣ್ಣೀರಲ್ಲಿ ಕೈಯಿಡಬೇಡ. ನಿನ್ನ ತವರು ಗೌರಿಬಿದನೂರಿನಲ್ಲಿ ಚಳಿ ಜಾಸ್ತಿಯಂತೆ. ನಾನು ಮಾಡುವ ಫೋನು ನೀನು ಎತ್ತುವುದಿಲ್ಲ, ಅದು ಸರಿಯೇ. ಇಲ್ಲಿ ಫೋನು ಹಿಡಿದರೆ ಪಕ್ಕದಲ್ಲಿ ಯಾರಾದರೊಬ್ಬರು ನಿಂತೇ ಇರುತ್ತಾರೆ. ಅದಕ್ಕೇ ಕಾಗದ.

ಹೋದ ವಾರ ಚಿಂತಾಮಣಿ ಬಸ್ ಸ್ಟ್ಯಾಂಡಿನಲ್ಲಿ ನಿನ್ನ ಗೆಳತಿ ತನುಜ ಸಿಕ್ಕಿದ್ದಳು. ನಿನಗೆ ಈ ಕೆಲಸ ಹಿಡಿಸಿಕೊಟ್ಟವಳು ಅವಳೇ ತಾನೆ. ಮೊದಲು ಮುಖ ತಿರುಗಿಸಿದಳು. ನಾನೇ ಕೈಹಿಡಿದು ಕೂರಿಸಿಕೊಂಡು, ಏನು ನಡೆಯಿತು ಅಂತ ನನಗೆ ಬಿಡಿಸಿ ಹೇಳು ತಾಯಿ ಅಂದೆ. ಹೇಳಿದಳು. ಕೇಳುತ್ತಾ ಕೇಳುತ್ತಾ ಎರಡು ಬಸ್ಸು ಹೋದವು.

ಅದೆಲ್ಲ ನೀನೂ ನನಗೆ ಹೇಳಿದ್ದೆ. ಹೊರದೇಶದ ಡಾಕ್ಟರುಗಳು ಮಾತಾಡಿದ್ದನ್ನು ಕೇಳಿ ಟೈಪ್ ಮಾಡುವ ಕೆಲಸ, ಗಂಟೆ ಲೆಕ್ಕದ ಕೂಲಿ. ಸೋಮವಾರದಿಂದ ಭಾನುವಾರಕ್ಕೆ ಒಂದು ವಾರ. ಮಾರನೇ ಸೋಮವಾರ ಬಿಲ್ಲು ತಾನೇ ಹೋಗುತ್ತದೆ. ಶುಕ್ರವಾರದವರೆಗೆ ಕೆಲಸ ಕೊಟ್ಟವನು ನೋಡಿ ತಕರಾರಿದ್ದರೆ ಹೇಳಬೇಕು. ಆಮೇಲೂ ನಾಲ್ಕಾರು ದಿನ ಮಧ್ಯದ ಕಂಪನಿ ಇಟ್ಟುಕೊಂಡು, ಅದರ ಮುಂದಿನ ಬುಧವಾರ ದುಡ್ಡು ಬಿಡುತ್ತದೆ. ಡೇರಿಯಲ್ಲಿ ಹಾಲಿನ ಬಟವಾಡೆ ತಡವಾಗಿ ಬರೋ ಹಂಗೇ ಅತ್ತೆ, ಇವತ್ತು ಬಂದಿರೋ ದುಡ್ಡು ಇವತ್ತಿನ ಕೆಲಸದ್ದಲ್ಲ ಅಂದಿದ್ದೆ. ನಾನು ಮುದ್ದೆ ತೊಳಸುತ್ತಿದ್ದೆ. ಬುಧವಾರ ದುಡ್ಡು ಬರುತ್ತದೆ ಅನ್ನುವುದಷ್ಟೇ ನನ್ನ ಕಿವಿಗೆ ಬಿದ್ದಿದ್ದು. ಆ ದುಡ್ಡು ನನ್ನ ಮಗ ಮಧುವಿನ ಖಾತೆಗೆ ಬರುತ್ತಿತ್ತು. ಅದರಲ್ಲೇ ಅವನು ನಿನ್ನ ಇಂಜೆಕ್ಷನ್ ತರುತ್ತಿದ್ದ. ಎರಡು ಸಲ ನಿಲ್ಲದ ಬಸಿರು ಈ ಸಲವಾದರೂ ನಿಲ್ಲಲಿ ಅಂತ ಚಿಕ್ಕಬಳ್ಳಾಪುರದ ಡಾಕ್ಟರಮ್ಮ ಒಂದು ದಿನವೂ ತಪ್ಪಿಸದೆ ಹೊಟ್ಟೆಗೆ ಚುಚ್ಚಿಕೊಳ್ಳಲು ಹೇಳಿದ್ದ ಇಂಜೆಕ್ಷನ್.

ದೀಪಾವಳಿ ಕಳೆದ ಮೇಲಿನ ಸೋಮವಾರ ನಿನ್ನ ದೊಡ್ಡಮಾವ ಕೋನಪ್ಪನವರು ತೀರಿಕೊಂಡರು. ಮಕ್ಕಳಿಲ್ಲದವರು, ಕೊಳ್ಳಿ ಇಟ್ಟವನು ಮಧುವೇ. ದೇವರ ಮನೆಗೆ ಬಾಗಿಲು ಹಾಕುವಾಗ ನಿಮ್ಮ ಮಾವನವರು ನಿನ್ನ ಲ್ಯಾಪ್‌ಟಾಪನ್ನೂ ಒಳಗಿಟ್ಟು ಚಿಲಕ ಹಾಕಿದರು. ಆಯುಧಪೂಜೆಯಲ್ಲಿ ಅದಕ್ಕೆ ಅರಿಶಿನ ಕುಂಕುಮ ಇಟ್ಟವಳು ನಾನೇ. ಪೂಜೆ ಆದ ಸಾಮಾನು, ಸೂತಕದಲ್ಲಿ ಮುಟ್ಟಂಗಿಲ್ಲ, ತಿಥಿ ಆಗ್ಲಿ ಅಂದರು. ಮಾವ, ಬೈಕಿಗೂ ಪೂಜೆ ಆಗಿತ್ತಲ್ಲ, ಅದು ಓಡಾಡ್ತಾನೇ ಇದೆ ಅಂತ ನೀನು ಅಂದೆ. ಬೈಕಿಲ್ದೆ ಸಾವಿನ ಕೆಲ್ಸ ಹೆಂಗಮ್ಮ ನಡೀತದೆ, ನಿನ್ ಪೆಟ್ಟಿಗೆ ಇಲ್ದಿದ್ರೆ ಹೆಣ ಏನು ಎದ್ದು ಕೂತ್ಕೊಳ್ತದಾ ಅಂದರು. ಅಂಗಳದಲ್ಲಿದ್ದವರೆಲ್ಲ ನಕ್ಕರು. ನಾನು ತಲೆಬಗ್ಗಿಸಿ ಸೊಪ್ಪು ಬಿಡಿಸುತ್ತಿದ್ದೆ. ಚಿಲಕ ತೆಗೆಯಿರಿ ಅಂತ ಒಂದು ಮಾತು ಆಡಬಹುದಿತ್ತು. ಸೂತಕ ಅಂದರೆ ಸೂತಕ ಅಂತ ನಾನೂ ನಂಬಿದ್ದೆ ಕಣಮ್ಮ.

ಆಮೇಲೆ ಬುಧವಾರ ಬಂತು. ದುಡ್ಡೂ ಬಂತು. ಅದರ ಮುಂದಿನ ಬುಧವಾರ, ನಾಳೆ ತಿಥಿ ಅನ್ನುವ ದಿನ, ಮತ್ತೆ ಬಂತು. ಪೆಟ್ಟಿಗೆ ಒಳಗೆ ಕೂತಿದೆ, ಮಧುವಿನ ಫೋನಿನಲ್ಲಿ ಮಾತ್ರ ದುಡ್ಡು ಬೀಳುತ್ತಿದೆ. ನಿಮ್ಮ ಮಾವನವರು ಚಪ್ಪರ ಹಾಕುವವರ ಮುಂದೆ ಮೀಸೆ ಸವರಿಕೊಂಡು, ನೋಡ್ರಪ್ಪಾ, ಕಂಪ್ಯೂಟರ್ ಮುಟ್ಟದಿದ್ರೆ ಮುಳುಗೋಗ್ತೀವಿ ಅಂತಿದ್ಲು, ಏನಾಯ್ತು ಅಂದರು. ಎಲ್ಲ ಕೈವಾರದ ತಾತಯ್ಯನ ದಯೆ ಅಂತ ನಾನು ಕೈಮುಗಿದೆ. ಚಿಲಕ ಹಾಕುವ ಮುಂಚೆ ನೀನು ಬೆನ್ನು ಬಗ್ಗಿಸಿ ದುಡಿದಿದ್ದ ವಾರಗಳ ಕೂಲಿ ಅದು ಅಂತ ನಮ್ಮಲ್ಲಿ ಒಬ್ಬರಿಗೂ ಹೊಳೆಯಲಿಲ್ಲ.

ಆ ಎರಡನೇ ಬುಧವಾರದ ದುಡ್ಡು ತಿಥಿ ಊಟಕ್ಕೆ ಹೋಯಿತು. ಮಧು ಒಂದು ಗಳಿಗೆ ಅನುಮಾನಿಸಿದ. ಅಮ್ಮ, ಇಂಜೆಕ್ಷನ್‌ಗೆ ಎತ್ತಿಡ್ಬೇಕಲ್ಲ ಅಂತ ನನ್ನನ್ನೇ ಕೇಳಿದ. ಇರೋದರಲ್ಲಿ ಒಂದು ವಾರ ನಡೀತದೆ, ಮುಂದಿನ ಬುಧವಾರ ಬರ್ತದಲ್ಲಪ್ಪ, ಕೊಳ್ಳಿ ಇಟ್ಟವನು ಊರಿಗೆ ಅರೆಹೊಟ್ಟೆ ಬಡಿಸಬಾರದು ಅಂದವಳು ನಾನು. ಅವನ ಒಂದನೇ ತಾರೀಕಿನ ಸಂಬಳವೂ ಅದರ ಹಿಂದೆಯೇ ಹೋಯಿತು. ಊಟ ಮಾಡಿದವರೆಲ್ಲ ಪಾಯಸ ಹೊಗಳಿದರು.

ಆ ದಿನಗಳಲ್ಲಿ ನೀನು ಹುಳುಮನೆಯಲ್ಲಿ ರೇಷ್ಮೆ ತಟ್ಟೆಗಳ ಹಿಂದೆ ಕೂತು, ಕಿವಿಗೆ ವೈರು ಸಿಕ್ಕಿಸಿಕೊಂಡು ಫೋನು ಒತ್ತುತ್ತಿದ್ದುದನ್ನು ನಾನು ನೋಡಿದ್ದೆ. ತಾಯಿಯ ಜೊತೆ ನಮ್ಮ ಚಾಡಿ ಹೇಳುತ್ತಿದ್ದಾಳೆ ಅಂದುಕೊಂಡೆ. ನೀನು ಆ ಪುಟ್ಟ ಫೋನಿನಲ್ಲೇ ಕೆಲಸ ಮುಗಿಸಿ ಕಳಿಸುತ್ತಿದ್ದೆ ಅಂತ ತನುಜ ಹೇಳಿದ ಮೇಲೆ ಗೊತ್ತಾಯಿತು. ಲ್ಯಾಪ್‌ಟಾಪಿನಲ್ಲಾದರೆ ಗಡಿಯಾರ ಓಡುತ್ತದಂತೆ, ಅದು ಆಗಾಗ ಪರದೆಯ ಫೋಟೋ ತೆಗೆದಿಟ್ಟುಕೊಂಡು ಸಾಕ್ಷಿ ಹೇಳುತ್ತದಂತೆ. ಆ ಗಂಟೆಗಳ ದುಡ್ಡಿಗೆ ಕಂಪನಿಯ ಹೊಣೆ. ಫೋನಿನಲ್ಲಿ ಆ ಗಡಿಯಾರವಿಲ್ಲ. ನೀನು ಗಂಟೆಗಳನ್ನು ಕೈಯಿಂದ ತುಂಬಿದೆ. ಕೈಯಿಂದ ತುಂಬಿದ್ದಕ್ಕೆ ಯಾರೂ ಹೊಣೆಯಲ್ಲ. ಕೆಲಸ ಕೊಟ್ಟವನು ಶುಕ್ರವಾರ, ಈ ಗಂಟೆಗಳಿಗೆ ಸಾಕ್ಷಿ ಎಲ್ಲಿ ಅಂತ ಅಷ್ಟನ್ನೂ ಹೊಡೆದುಹಾಕಿ, ಕರಾರನ್ನೂ ಮುರಿದುಕೊಂಡ. ನಮ್ಮ ಮನೆಯಲ್ಲಿ ತಿಥಿ ಊಟದ ಎಲೆ ಎತ್ತಿ ಒಂದು ದಿನವಾಗಿತ್ತು. ದೇವರ ಮನೆ ತೆರೆದಿತ್ತು, ನಿನ್ನ ಲ್ಯಾಪ್‌ಟಾಪು ನಿನ್ನ ಕೈಗೆ ಬಂದಿತ್ತು.

ಮುಂದಿನ ಬುಧವಾರ ನೀನು ಅಡಿಗೆಮನೆಯ ಬಾಗಿಲಲ್ಲಿ ನಿಂತು, ಅತ್ತೆ, ಈ ವಾರ ದುಡ್ಡು ಬಂದಿಲ್ಲ, ಇಂಜೆಕ್ಷನ್ ಮುಗೀತು ಅಂದೆ. ಅದು ಯಾವಾಗ ಸರಿಯಾದ ಹೊತ್ತಿಗೆ ಬಂದದೆ, ಬರ್ತದೆ ಬಿಡು ಅಂದೆ ನಾನು. ನಿನ್ನ ದುಡ್ಡು ಯಾವಾಗಲೂ ತಡ, ಇದೂ ತಡ ಅಂತಲೇ ತಿಳಿದೆ. ಇಲ್ಲ ಅತ್ತೆ, ಇದು ಬರೋದಿಲ್ಲ ಅಂತ ನೀನು ಅಂದದ್ದೂ ನನಗೆ ಕೇಳಿಸಿತ್ತು. ಕೇಳಿಸಲಿಲ್ಲ ಅಂತ ಎಲ್ಲರ ಮುಂದೆ ಹೇಳಿದ್ದೇನೆ, ನಿಮ್ಮಮ್ಮನ ಮುಂದೂ. ನನ್ನ ಕೈಯಲ್ಲಿ ಬಳೆ ಇದ್ದವು, ಚಿಂತಾಮಣಿಯಲ್ಲಿ ಅಡವಿಡಲು ಅರ್ಧ ಗಂಟೆ ಸಾಕಿತ್ತು. ನೀನು ಎರಡನೇ ಸಲ ಕೇಳಲಿಲ್ಲ.

ಈ ಸಲದ ಬಸಿರೂ ನಿಲ್ಲದೆ ಹೋದ ದಿನ ಆಸ್ಪತ್ರೆಯಲ್ಲಿ ಡಾಕ್ಟರಮ್ಮನನ್ನು ಪಕ್ಕಕ್ಕೆ ಕರೆದು, ಇಂಜೆಕ್ಷನ್ ತಪ್ಪಿದ್ದಕ್ಕೇ ಹೀಗಾಯಿತಾ ಅಂತ ಕೇಳಿದೆ. ಅದನ್ನ ಖಚಿತವಾಗಿ ಹೇಳಕ್ಕಾಗಲ್ಲ, ಎಷ್ಟು ದಿನ ತಪ್ಪಿತ್ತು ಅಂದರು. ಒಂದೇ ಮನೆಯಲ್ಲಿದ್ದು ನನಗೆ ಗೊತ್ತಿರಲಿಲ್ಲ. ಹೆಣ್ಣುಮಗು ಅಂತ ನರ್ಸಮ್ಮ ಹೇಳಿದಳು. ನಿನಗೆ ಹೇಳಿರಲಿಕ್ಕಿಲ್ಲ. ಹೇಳಬೇಕೋ ಬೇಡವೋ ಅಂತ ಇಷ್ಟು ದಿನ ತೂಗಿದೆ. ಇನ್ನು ನಿನ್ನಿಂದ ಏನನ್ನೂ ಮುಚ್ಚಿಡಬಾರದು ಅನ್ನಿಸಿತು.

ದಿನಾ ದೀಪ ಹಚ್ಚುತ್ತೇನೆ. ಬೇಡಿಕೊಳ್ಳಲು ಬಾಯಿ ಬರುವುದಿಲ್ಲ.

ನೀನು ಬೇರೆ ಕಡೆಯ ಕೆಲಸ ಹಿಡಿದಿದ್ದೀಯಂತೆ. ಒಳ್ಳೆಯದಾಯಿತು. ತನುಜ ಹೇಳಿದ ಮಾತು ಇದು, ನನ್ನದಲ್ಲ: ಈಗಲೇ ನಿನ್ನ ಹೆಸರಿನ ಖಾತೆ ಕೊಡು, ಹೊಸ ಖಾತೆ ಚಾಲೂ ಆಗಲು ಕೆಲವು ದಿನ ಹಿಡಿಯುತ್ತದೆ. ಅದಾಗುವವರೆಗೆ ದುಡ್ಡನ್ನು ಕಂಪನಿಯಲ್ಲೇ ಬಿಟ್ಟಿರು, ಮಧುವಿನ ಹಳೇ ಖಾತೆಗೆ ತೆಗೆಯಬೇಡ.

ಇಂತಿ,
ಅಶ್ವತ್ಥಮ್ಮ

ಮರೆತ ಮಾತು: ಇದನ್ನು ನಿಮ್ಮೂರಿಗೆ ಬರುತ್ತಿರುವ ಪಕ್ಕದ ಮನೆ ಓಬಳಮ್ಮನ ಕೈಯಲ್ಲಿ ಕೊಟ್ಟು ಕಳಿಸುತ್ತಿದ್ದೇನೆ, ಅವಳ ಮುಂದೆಯೇ ಓದಿ ಹರಿದುಹಾಕು. ಅಂಚೆಯಲ್ಲಿ ಇನ್ನೊಂದು ಕಾಗದ ಬರುತ್ತದೆ, ಅದೂ ನನ್ನ ಕೈಬರಹವೇ. ನನಗೆ ಎದೆನೋವು, ಹಾಸಿಗೆ ಹಿಡಿದಿದ್ದೇನೆ, ಲ್ಯಾಪ್‌ಟಾಪ್ ತೆಗೆದುಕೊಂಡು ಕೂಡಲೇ ಹೊರಟು ಬಾ ಅಂತ ಅದರಲ್ಲಿದೆ. ನಿನ್ನ ಹೊಸ ಕೆಲಸದ ಸುದ್ದಿ ತಿಳಿದ ದಿನ ನಿಮ್ಮ ಮಾವನವರು ಹೇಳಿ ಬರೆಸಿದರು, ಮಧು ಪಕ್ಕದಲ್ಲೇ ಕೂತಿದ್ದ. ನನಗೇನೂ ಆಗಿಲ್ಲ. ಬರಬೇಡ.