ಖಾಲಿ ಚೌಕಗಳ ಹೋಮ್‌ಪೇಜ್

ಮಾರ್ಚ್ 3, ಸೋಮವಾರ. ಬೆಳಿಗ್ಗೆ

ನನ್ನ ವೆಬ್‌ಸೈಟಿನದು ಮತ್ತೆ ಅದೇ ಪಾಡು. ಕಪ್ಪು ಹಿನ್ನೆಲೆ ಹಾಕಿದರೆ ಚಿತ್ರಗಳು ಎದ್ದು ಕಾಣುತ್ತವೆ, ಅಕ್ಷರ ಸಾಯುತ್ತದೆ. ಬಿಳಿ ಹಾಕಿದರೆ ಹಲ್ಲಿನ ಡಾಕ್ಟರ ಕ್ಲಿನಿಕ್ಕು. ಎಷ್ಟು ಟೆಂಪ್ಲೇಟು ನೋಡಿದೆನೋ, ತಲೆ ಕೆಟ್ಟು ಮೊಸರುಗಡಿಗೆ.

ಮಕ್ಕಳ ಪುಸ್ತಕದ ಪ್ರಕಾಶಕರು ಶುಕ್ರವಾರದೊಳಗೆ ಲಿಂಕ್ ಕೇಳಿದ್ದಾರೆ. "ನಿಮ್ಮ ಸ್ವಂತ ಕೆಲಸ ಒಂದ್ಕಡೆ ನೋಡ್ಬೇಕಲ್ವಾ?" ಅಂದರು ಸಂಪಾದಕಿ. ಒಪ್ಪಿದರೆ ಹೊಸ ಸರಣಿ ಪೂರ್ತಿ ನನಗೆ. ಮುಖಪುಟದ ಮೇಲೆ ನನ್ನ ಹೆಸರು! ಅಕ್ಕನ ಗಂಡ, ನಮ್ಮ ಭಾವನ ಸ್ಟುಡಿಯೊದಲ್ಲಿ ಇಷ್ಟು ವರ್ಷ ಮಕ್ಕಳ ಪುಸ್ತಕಗಳಿಗೆ ಚಿತ್ರ ಬರೆದೆ, ಒಂದರ ಮೇಲೂ ನನ್ನ ಹೆಸರಿಲ್ಲ. ಎಲ್ಲ ಅವರ ಸಹಿ.

ಭಾವನಿಗೆ ಇನ್ನೂ ಹೇಳಿಲ್ಲ. ಕೆಲಸ ಸಿಕ್ಕಿದ ಮೇಲೆ ಹೇಳಿದರಾಯಿತು... ಧೈರ್ಯವಿಲ್ಲ, ಅಷ್ಟೇ.

ಮಾರ್ಚ್ 4. ಮಧ್ಯಾಹ್ನ, ಸ್ಟುಡಿಯೊ

ಗ್ರಿಡ್ ಗಟ್ಟಿಯಾಯಿತು. ಸಾಲಿಗೆ ಮೂರು ಚೌಕ, ಚೌಕಕ್ಕೊಂದು ಚಿತ್ರ, ನಡುವೆ ಧಾರಾಳ ಜಾಗ, ಕೆಳಗೆ ಸಣ್ಣ ಅಕ್ಷರ. 'ನನ್ನ ಬಗ್ಗೆ' ಅನ್ನುವಲ್ಲಿ ಫಾಂಟ್ ಹೇಗೆ ಕೂರುತ್ತದೆ ನೋಡಬೇಕಿತ್ತು. ಬಾಯಿಗೆ ಬಂದದ್ದು ಟೈಪ್ ಮಾಡಿದೆ — 'ಈ ಚಿತ್ರಗಳೆಲ್ಲ ನಾನು ಬರೆದವು. ನಮ್ಮ ಭಾವ ಸಹಿ ಬಹಳ ಚೆನ್ನಾಗಿ ಮಾಡುತ್ತಾರೆ.' ಒಬ್ಬಳೇ ನಕ್ಕೆ.

"ಏನಮ್ಮಾ, ತಲೆಗಿಲೆ ಕೆಟ್ಟಿತಾ?" ಪಕ್ಕದ ಮೇಜಿನಿಂದ ಭಾವ. ಲ್ಯಾಪ್‌ಟಾಪ್ ಮುಚ್ಚಿದೆ.

ಸಂಜೆ

ಪ್ರಿವ್ಯೂ ಲಿಂಕ್ ಅಕ್ಕನಿಗೆ ಮಾತ್ರ ಕಳಿಸಿದೆ. ಕಪ್ಪೋ ಬಿಳಿಯೋ, ಒಂದೇ ಪ್ರಶ್ನೆ. ಸ್ಟುಡಿಯೊದಲ್ಲಿ ಬಣ್ಣ ಕಲಸುವವಳು ಅವಳೇ. ಬಣ್ಣದ ವಿಷಯಕ್ಕೆ ಅವಳನ್ನು ಬಿಟ್ಟರೆ ಇಲ್ಲ.

ಮಾರ್ಚ್ 5. ಬೆಳಿಗ್ಗೆ

ಅಯ್ಯೋ.

ಅಕ್ಕ ಅದನ್ನು ಮನೆಯವರ ಗ್ರೂಪಿಗೆ ಹಾಕಿದ್ದಾಳೆ! 'ನನ್ನ ತಂಗಿ ವೆಬ್‌ಸೈಟ್. ಕಪ್ಪಾ ಬಿಳಿಯಾ, ಎಲ್ಲರೂ ಓಟು ಹಾಕಿ.' ಹಾಕಿದ್ದಾರೆ. ಚಿಕ್ಕಪ್ಪ ಬಿಳಿ. ಸೋದರತ್ತೆ ನೇರಳೆ — ನೇರಳೆ ಕೇಳಿದವರು ಯಾರು? ಅಮ್ಮ: 'ಅಕ್ಷರ ಇರುವೆ ಸಾಲಿನ ಹಾಗಿದೆ, ಏನೂ ಕಾಣ್ತಿಲ್ಲ.' ಸದ್ಯ! ಭಾವನ ಸಹಿಯ ಆ ಸಾಲು ಅಳಿಸಲು ಮರೆತಿದ್ದೆ. ಒಬ್ಬರೂ ಓದಿಲ್ಲ, ಬಣ್ಣ ನೋಡಿದ್ದಾರೆ.

ಭಾವ ಓಟು ಹಾಕಿಲ್ಲ. ನೋಡಿದವರ ಪಟ್ಟಿಯಲ್ಲಿ ಇದ್ದಾರೆ.

ಹನ್ನೊಂದು ಗಂಟೆ

ಸ್ಟುಡಿಯೊದಲ್ಲಿ ಭಾವ ಕೂಗಾಡಲಿಲ್ಲ. ಕೂಗಾಡಿದ್ದರೆ ನಾನೂ ಕೂಗುತ್ತಿದ್ದೆ. ಕುರ್ಚಿ ಎಳೆದುಕೊಂಡು ಕೂತರು, ಕನ್ನಡಕ ಒರೆಸಿದರು.

"ನಿನಗೆ ಬ್ರಷ್ ಹಿಡಿಯೋದು ಕಲಿಸಿದ್ದು ಯಾರು?"

"ನೀವೇ ಭಾವ."

"ಆರ್ಡರ್ ತರೋರು?"

"ನೀವೇ."

"ಮತ್ತೆ? ಚಿತ್ರ ಸ್ಟುಡಿಯೊದ್ದು. ಒಂದೂ ಅಲ್ಲಿರಕೂಡದು. ಸಂಜೆಯೊಳಗೆ ತೆಗಿ."

"ಬರೆದದ್ದು ನಾನಲ್ವಾ?"

"ಅದನ್ನ ಯಾರು ನೋಡಿದಾರೆ?"

ಲ್ಯಾಪ್‌ಟಾಪ್ ಎತ್ತಿಕೊಂಡು ಹೊರಟೆ. ಉತ್ತರ ಹೊಳೆದದ್ದು ಮೆಟ್ಟಿಲು ಇಳಿದ ಮೇಲೆ. ಅಕ್ಕ ನೋಡಿದ್ದಾಳಲ್ಲ, ದಿನಾ, ಪಕ್ಕದಲ್ಲೇ ಕೂತು.

ಸಂಜೆ

ಅಕ್ಕನ ಫೋನು. ಅಳು. "ತೆಗೆದುಬಿಡೇ. ನಾನು ಈ ಮನೇಲಿ ಬಾಳ್ಬೇಕು ಕಣೇ."

"ನೀನು ಕಣ್ಣಾರೆ ನೋಡಿದ್ದೀಯಲ್ಲೇ ಅಕ್ಕ."

"ನನ್ನನ್ನ ಮಧ್ಯಕ್ಕೆ ಎಳೀಬೇಡ."

ತೆಗೆದೆ. ಒಂದೊಂದೇ.

ಮಾರ್ಚ್ 7, ಶುಕ್ರವಾರ

ನಿನ್ನೆ ಇಡೀ ದಿನ ಪರದೆ ನೋಡುತ್ತ ಕೂತಿದ್ದೆ. ಸ್ಟುಡಿಯೊಗೆ ಹೋಗಲಿಲ್ಲ. ಚಿತ್ರ ಹೋದರೂ ಚೌಕಗಳು ಉಳಿದಿವೆ, ತೆಳು ಬೂದು ಗೆರೆಯಲ್ಲಿ. ಹೊಸದು ಬರೆಯೋಣವೆಂದರೆ ಇವತ್ತೇ ಲಿಂಕ್ ಕೊಡಬೇಕು. ಬೇರೆ ಟೆಂಪ್ಲೇಟು? ಸಾಕು ಮಾರಾಯ್ತಿ. ಇದೇ ಇರಲಿ. ಬಿಳಿ ಹಿನ್ನೆಲೆ, ಖಾಲಿ ಚೌಕ, ಪ್ರತಿಯೊಂದರ ಕೆಳಗೂ ಒಂದು ಸಾಲು — ಅಮ್ಮನಿಗೂ ಕಾಣುವಷ್ಟು ದೊಡ್ಡದಾಗಿ.

'ಕೊಡೆ ಹಿಡಿದ ಕೋಳಿ. ಎಡಗಾಲು ಸರಿಬಾರದೆ ಅಳಿಸಿ ಅಳಿಸಿ ಬರೆದೆ.'

'ಗುಡುಗಿಗೆ ಹೆದರಿದ ಆನೆ. ಕಿವಿ ನಮ್ಮಕ್ಕನದು, ನೋಡಿ ಬರೆದೆ.'

'ನನ್ನ ಬಗ್ಗೆ: ಚಿತ್ರಗಳು ಸದ್ಯ ನನ್ನ ಬಳಿ ಇಲ್ಲ. ಬರೆದ ಕೈ ಇದೆ.'

ಲಿಂಕ್ ಕಳಿಸಿದೆ. ಹುಚ್ಚಿ ಅನ್ನಲಿ.

ಮಾರ್ಚ್ 10. ಮಧ್ಯಾಹ್ನ

ಸಂಪಾದಕಿ ಫೋನ್ ಮಾಡಿದರು. "ನಿಮ್ಮ ಸ್ಟುಡಿಯೊ ಚಿತ್ರಗಳಿರೋ ಆ ಪುಸ್ತಕಗಳು ನಮ್ಮಲ್ಲಿವೆ. ನಿಮ್ಮ ಪೇಜ್ ಪಕ್ಕದಲ್ಲಿಟ್ಕೊಂಡು ಒಂದೊಂದೇ ತೆಗೆದು ನೋಡಿದ್ವಿ, ನೀವು ಬರೆದ ಸಾಲೆಲ್ಲ ಹೊಂದತ್ತೆ. ಆದ್ರೆ... ತಪ್ಪು ತಿಳ್ಕೋಬೇಡಿ, ನೀವೇ ಬರೆದದ್ದು ಅಂತ ಹೇಳೋರು ಯಾರಾದ್ರೂ ಇದ್ದಾರಾ?"

ಅಕ್ಕನ ನಂಬರ್ ಕೊಟ್ಟೆ. ಅವಳನ್ನು ಕೇಳದೆ. ಆಮೇಲೆ ಅವಳಿಗೆ ಫೋನ್ ಮೇಲೆ ಫೋನ್ ಮಾಡಿದೆ, ಎತ್ತಲಿಲ್ಲ. ಎಳೀಬೇಡ ಅಂದಿದ್ದಳು, ಎಳೆದೆ. ನಾನೆಂಥವಳು?

ಮಾರ್ಚ್ 11. ಬೆಳಿಗ್ಗೆ

ಅಕ್ಕ ಬಂದಿದ್ದಾಳೆ. ಬೆಲ್ ಆಯಿತು, ಬಾಗಿಲು ತೆಗೆದರೆ ಇವಳು.

"ನಿನ್ನ ಸಂಪಾದಕಿ ಫೋನ್ ಮಾಡಿದ್ರು ಕಣೇ. ಸ್ಪೀಕರ್‌ಗೆ ಹಾಕು ಅಂದ್ರು ನಿಮ್ಮ ಭಾವ. ಎದುರಿಗೇ ಕೂತಿದ್ರು."

"ಏನಂದೆ?"

"ಬಣ್ಣ ಕಲಸಿದವಳು ನಾನು, ಬರೆದವಳು ನನ್ನ ತಂಗಿ ಅಂದೆ."

"ಭಾವ?"

"ಮುಖ ತೊಳ್ಕೊಂಡು ಬರ್ತೀನಿ ಇರು."

ಬಚ್ಚಲಿನಲ್ಲಿ ನಲ್ಲಿ ಜೋರಾಗಿ ಬಿಟ್ಟಿದ್ದಾಳೆ, ಅಳು ಕೇಳಬಾರದೆಂದು. ಕೇಳುತ್ತಿದೆ. ದೊಡ್ಡ ಸೂಟ್‌ಕೇಸು ಬಾಗಿಲಲ್ಲೇ ನಿಂತಿದೆ.

ಸಂಪಾದಕಿಯ ಮೆಸೇಜು ಈಗ ಬಂತು. ಸರಣಿ ನನಗೇ. ಮುಖಪುಟಕ್ಕೆ ಹೆಸರು ಹೇಗೆ ಹಾಕೋಣ ಎಂದು ಕೇಳಿದ್ದಾರೆ. ಒಂದೇ ಹೆಸರಾ? ನನ್ನದೊಂದೇ ಹೇಗೆ—

ನಲ್ಲಿ ನಿಂತಿತು. ಈ ಸಲ ಅಕ್ಕನನ್ನು ಕೇಳಿಯೇ ಉತ್ತರ ಬರೆಯುತ್ತೇನೆ.